ನಾಳೆಯ ಆತಂಕ, ಇವತ್ತಿನ ನಿದ್ದೆ

ಮಹಾಭಾರತದ ಉದ್ಯೋಗಪರ್ವದಲ್ಲಿ ಒಂದು ರಾತ್ರಿ ಬರುತ್ತದೆ. ಪಾಂಡವರ ಬಳಿಗೆ ಹೋಗಿದ್ದ ಸಂಜಯ ಹಿಂತಿರುಗಿ, ಧೃತರಾಷ್ಟ್ರನಿಗೆ ನಾಲ್ಕು ನಿಷ್ಠುರದ ಮಾತು ಹೇಳಿ, ಯುಧಿಷ್ಠಿರನ ಸಂದೇಶವನ್ನು ನಾಳೆ ಸಭೆಯಲ್ಲೇ ತಿಳಿಸುತ್ತೇನೆಂದು ಮನೆಗೆ ಹೋಗಿಬಿಡುತ್ತಾನೆ. ಸಂದೇಶ ಏನೆಂದು ತಿಳಿಯದ ಮುದಿ ಅರಸನಿಗೆ ನಿದ್ದೆ ಹತ್ತುವುದಿಲ್ಲ. ಮೈ ಉರಿಯುತ್ತಿದೆ ಎನ್ನುತ್ತಾನೆ, ವಿದುರನನ್ನು ಕರೆಸುತ್ತಾನೆ. ವಿದುರ ಮೊದಲು ಹೇಳುವುದೇ ಯಾರಿಗೆಲ್ಲ ನಿದ್ದೆ ಬರುವುದಿಲ್ಲ ಎಂಬುದನ್ನು: ಬಲಿಷ್ಠನನ್ನು ಎದುರು ಹಾಕಿಕೊಂಡ ದುರ್ಬಲ, ಸಾಧನವಿಲ್ಲದವನು, ಆಸ್ತಿ ಕಳೆದುಕೊಂಡವನು, ಕಾಮಿ, ಕಳ್ಳ. ನಾವು ವಿದುರನೀತಿ ಎಂದು ಓದುವ ಭಾಗ ಬರುವುದು ಪ್ರಜಾಗರ ಪರ್ವದಲ್ಲಿ, ಅಂದರೆ ನಿದ್ದೆಗೆಟ್ಟ ಆ ರಾತ್ರಿಯ ಕಥೆಯಲ್ಲಿ. ಧೃತರಾಷ್ಟ್ರನ ನಿದ್ದೆ ಕೆಡಿಸಿದ್ದು ಇನ್ನೂ ಬಾರದ ಸುದ್ದಿ. ಬಂದ ದುಃಖಕ್ಕೆ ಅತ್ತು ಮಲಗಬಹುದು. ಬರಲಿರುವುದಕ್ಕೆ ಏನು ಮಾಡುವುದೆಂದು ತಿಳಿಯದೆ ಮನಸ್ಸು ಕಾವಲು ಕೂರುತ್ತದೆ.

ದಕ್ಷಿಣ ಬೆಂಗಳೂರಿನ ಉತ್ತರಹಳ್ಳಿಯಲ್ಲಿ ಆ ಬಾರದ ಸುದ್ದಿಗೆ ನಾನಾ ರೂಪ. ಹೋಬಳಿ ಕೇಂದ್ರವಾಗಿದ್ದ ಹಳ್ಳಿ ಇದು. ಇದರ ಹೆಸರಿನ ವಿಧಾನಸಭಾ ಕ್ಷೇತ್ರ ದೇಶದಲ್ಲೇ ಅತಿ ಹೆಚ್ಚು ಮತದಾರರಿದ್ದ ಕ್ಷೇತ್ರಗಳಲ್ಲೊಂದಾಗಿ ಬೆಳೆದು, 2008ರ ಪುನರ್ವಿಂಗಡಣೆಯಲ್ಲಿ ತುಂಡುತುಂಡಾಗಿ ಇಲ್ಲವೇ ಆಯಿತು. ಬಸವನಗುಡಿ, ಚಾಮರಾಜಪೇಟೆಯ ವಠಾರಗಳಿಂದ ಸೈಟು ಕೊಂಡು ಬಂದವರು, ಹಾಸನ, ಮಂಡ್ಯ, ಶಿವಮೊಗ್ಗದಿಂದ ಕೆಲಸಕ್ಕಾಗಿ ಬಂದವರು, ಎಲೆಕ್ಟ್ರಾನಿಕ್ ಸಿಟಿಗೆ ದಿನವೂ ಹೋಗಿಬರುವವರು, ಮಕ್ಕಳನ್ನು ಹೊರದೇಶಕ್ಕೆ ಕಳಿಸಿ ಪೂರ್ಣಪ್ರಜ್ಞ ಬಡಾವಣೆಯಲ್ಲೋ ಚಿಕ್ಕಲ್ಲಸಂದ್ರದಲ್ಲೋ ಇಬ್ಬರೇ ಇರುವ ನಿವೃತ್ತರು, ಎಲ್ಲರೂ ಇಲ್ಲಿದ್ದಾರೆ. ಗೃಹಸಾಲದ ಕಂತು ಇನ್ನೂ ಹದಿನೈದು ವರ್ಷ ಇರುವಾಗ ಕಂಪನಿಯಲ್ಲಿ ಲೇಆಫ್ ಮಾತು ಕೇಳಿಬರುತ್ತದೆ. ಬಿ-ಖಾತೆ ಸೈಟಿನ ಗತಿ ಏನಾಗುತ್ತದೋ ತಿಳಿಯದು. 2024ರ ಬೇಸಿಗೆಯಲ್ಲಿ ನಗರದ ಬೋರ್‌ವೆಲ್‌ಗಳು ಬತ್ತಿದಾಗ ನಾಳೆ ಟ್ಯಾಂಕರ್ ಬರುತ್ತದೋ ಇಲ್ಲವೋ ಎಂಬುದೇ ರಾತ್ರಿಯ ಲೆಕ್ಕವಾಗಿತ್ತು. ಮಗಳ ವೀಸಾ, ಮಗನ ನೀಟ್, ಅಪ್ಪನ ಬಯಾಪ್ಸಿ ವರದಿ. ಇವೆಲ್ಲದರ ಗುಣ ಒಂದೇ: ರಾತ್ರಿ ಎರಡು ಗಂಟೆಗೆ ಏನೂ ಮಾಡುವಂತಿಲ್ಲ, ಯೋಚಿಸದೆಯೂ ಇರುವಂತಿಲ್ಲ.

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆ ನಮ್ಮಲ್ಲಿದೆ. ಚರಕಸಂಹಿತೆಯೂ ಇದನ್ನು ಶಾಸ್ತ್ರವಾಗಿಯೇ ಹೇಳುತ್ತದೆ. ಅತಿನಿದ್ರೆಯನ್ನು ತಡೆಯುವ ಉಪಾಯಗಳನ್ನು ಎಣಿಸುವಾಗ ಭಯ, ಚಿಂತೆ, ಕ್ರೋಧಗಳನ್ನೂ ಸೇರಿಸಿ, ನಿದ್ದೆ ಕೆಡುವುದಕ್ಕೂ ಇವೇ ಕಾರಣ ಎನ್ನುತ್ತದೆ. ಪರಿಹಾರವಾಗಿ ಎಣ್ಣೆಸ್ನಾನ, ಹಾಲು, ತುಪ್ಪ, ಹಿತವಾದ ಹಾಸಿಗೆ, ಮನಸ್ಸಿಗೆ ಮುದ ಕೊಡುವ ಗಂಧ ಮತ್ತು ಶಬ್ದಗಳನ್ನು ಸೂಚಿಸುತ್ತದೆ. ಎಮ್ಮೆಯ ಹಾಲು ನಿದ್ದೆ ಬಾರದವರಿಗೆ ಹಿತ ಎಂದು ಬೇರೊಂದು ಕಡೆ ಬರುತ್ತದೆ. ಅಜ್ಜಿಯರ ಬಿಸಿಹಾಲು, ಅಂಗಾಲಿಗೆ ಹಚ್ಚುವ ಹರಳೆಣ್ಣೆ ಇವೆಲ್ಲ ಈ ದಾರಿಯವೇ. ಇವುಗಳಿಂದ ಕೇಡಿಲ್ಲ, ದೇಹಕ್ಕೆ ಹಿತವೂ ಹೌದು. ಆದರೆ ತಿಂಗಳುಗಟ್ಟಲೆ ನಿದ್ದೆ ಕಾಣದವರಿಗೆ ಇಷ್ಟು ಸಾಲುವುದಿಲ್ಲ. ಏಕೆಂದರೆ ಅಷ್ಟು ದಿನ ಕಳೆಯುವ ಹೊತ್ತಿಗೆ ಕಾಯಿಲೆಯ ಸ್ವರೂಪವೇ ಬದಲಾಗಿರುತ್ತದೆ.

ಈ ಬದಲಾವಣೆಯನ್ನು ಸ್ಪಷ್ಟವಾಗಿ ತೋರಿಸಿದವರು ಅಮೆರಿಕದ ಮನಶ್ಶಾಸ್ತ್ರಜ್ಞ ಆರ್ಥರ್ ಸ್ಪೀಲ್‌ಮನ್. 1987ರಲ್ಲಿ ಅವರೂ ಅವರ ಸಹೋದ್ಯೋಗಿಗಳೂ ಪ್ರಕಟಿಸಿದ ವಿವರಣೆ ಇಂದಿಗೂ ಈ ಕ್ಷೇತ್ರದ ಬುನಾದಿ. ಅವರ ಪ್ರಕಾರ ನಿದ್ರಾಹೀನತೆಗೆ ಮೂರು ಪದರ. ಕೆಲವರ ಹುಟ್ಟುಗುಣವೇ ಬೇಗ ಎಚ್ಚರಗೊಳ್ಳುವಂಥದ್ದು. ಅದರ ಮೇಲೆ ಒಂದು ಘಟನೆ ಬಂದು ಬೀಳುತ್ತದೆ: ಕೆಲಸ ಹೋಗುವುದು, ಸಾವು, ಹೆರಿಗೆ, ಕೋವಿಡ್. ಮೂರನೆಯದು, ನಿದ್ದೆ ಕೆಟ್ಟಾಗ ನಾವೇ ಮಾಡಿಕೊಳ್ಳುವ ಹೊಂದಾಣಿಕೆಗಳು. ಕಳೆದ ನಿದ್ದೆ ತುಂಬಿಕೊಳ್ಳಲು ಒಂಬತ್ತಕ್ಕೇ ಮಲಗುವುದು, ಭಾನುವಾರ ಹತ್ತರವರೆಗೆ ಏಳದಿರುವುದು, ಊಟದ ನಂತರ ಎರಡು ತಾಸು ಮಲಗುವುದು, ನಿದ್ದೆ ಬಾರದಿದ್ದರೂ ಹಾಸಿಗೆ ಬಿಡದೆ ಮೊಬೈಲಿನಲ್ಲಿ ಗಂಟೆ ನೋಡುತ್ತಾ, ಈಗ ಮಲಗಿದರೂ ಐದು ತಾಸು, ಈಗ ಮಲಗಿದರೂ ನಾಲ್ಕು ತಾಸು ಎಂದು ಎಣಿಸುವುದು. ಹೊಸ ಕೆಲಸ ಸಿಕ್ಕಿದ ಮೇಲೂ ಈ ಮೂರನೆಯದು ಬಿಡುವುದಿಲ್ಲ. ಮೊದಲು ಕೆಲಸದ ಭಯದಿಂದ ನಿದ್ದೆ ಬರುತ್ತಿರಲಿಲ್ಲ. ಈಗ ನಿದ್ದೆ ಬಾರದೆಂಬ ಭಯದಿಂದಲೇ ನಿದ್ದೆ ಬರುವುದಿಲ್ಲ. ಸೋಫಾದ ಮೇಲೆ ಧಾರಾವಾಹಿ ನೋಡುತ್ತಾ ತೂಕಡಿಸುವವರು ಹಾಸಿಗೆಗೆ ಬಂದ ತಕ್ಷಣ ಎದೆ ಡವಡವ ಎಂದು ಎಚ್ಚರಗೊಳ್ಳುವುದು ಇದರಿಂದಲೇ. ಹಾಸಿಗೆ ಅವರ ಪಾಲಿಗೆ ಪರೀಕ್ಷೆಯ ಕೋಣೆಯಾಗಿಬಿಟ್ಟಿರುತ್ತದೆ.

ಆತಂಕ ಕಡಿಮೆಯಾಗಲಿ, ನಿದ್ದೆ ತಾನೇ ಬರುತ್ತದೆ ಎಂಬುದು ವೈದ್ಯರ ಹಳೆಯ ನಂಬಿಕೆ. ಅಮೆರಿಕದ ಮನೋವೈದ್ಯರ ಸಂಘದ ರೋಗಪಟ್ಟಿಯ ಐದನೆಯ ಆವೃತ್ತಿ 2013ರಲ್ಲಿ ಬಂದಾಗ, ಇನ್ನೊಂದು ಕಾಯಿಲೆಯಿಂದ ಬಂದ ನಿದ್ರಾಹೀನತೆ, ತಾನಾಗಿ ಬಂದ ನಿದ್ರಾಹೀನತೆ ಎಂಬ ಭೇದವನ್ನೇ ಕೈಬಿಟ್ಟಿತು. ವಾರದಲ್ಲಿ ಮೂರು ರಾತ್ರಿ, ಮೂರು ತಿಂಗಳು ಹೀಗಾದರೆ, ಜೊತೆಗೆ ಆತಂಕ ಇದ್ದರೂ ಇಲ್ಲದಿದ್ದರೂ, ಅದು ಚಿಕಿತ್ಸೆ ಬೇಕಾದ ತೊಂದರೆಯೇ. ಬ್ರಿಟನ್ನಿನ 26 ವಿಶ್ವವಿದ್ಯಾಲಯಗಳ 3,755 ವಿದ್ಯಾರ್ಥಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಒಂದು ದೊಡ್ಡ ಪ್ರಯೋಗ ಇದನ್ನು ಇನ್ನೊಂದು ಬದಿಯಿಂದ ತೋರಿಸಿತು: ನಿದ್ದೆಗೆ ಮಾತ್ರ ಚಿಕಿತ್ಸೆ ಪಡೆದವರಲ್ಲಿ ಆತಂಕ, ಖಿನ್ನತೆ, ಅನುಮಾನದ ಯೋಚನೆಗಳೂ ಇಳಿದವು. ನನಗೆ ಇದು ಇಡೀ ವಿಷಯದ ತಿರುವು ಎನಿಸುತ್ತದೆ. ಮಗಳ ವೀಸಾ ನಮ್ಮ ಕೈಯಲ್ಲಿಲ್ಲ, ಬಿ-ಖಾತೆ ನಮ್ಮ ಕೈಯಲ್ಲಿಲ್ಲ. ನಿದ್ದೆಯ ಕಡೆಯಿಂದ ಹೊರಟರೆ ಏನಾದರೂ ಮಾಡಲು ಅವಕಾಶವಿದೆ.

ಆದರೆ ನಾವು ಮೊದಲು ಕೈ ಹಾಕುವುದು ಮಾತ್ರೆಗೆ. ಆಲ್ಪ್ರಜೋಲಾಂ, ಕ್ಲೊನಜಿಪಾಂ, ಜೋಲ್‌ಪಿಡೆಮ್ ಈಗ ಅಡುಗೆಮನೆಯ ಡಬ್ಬಿಗಳ ಪಕ್ಕದಲ್ಲಿ ಜಾಗ ಪಡೆದ ಹೆಸರುಗಳು. ಒಬ್ಬರಿಗೆ ಬರೆದುಕೊಟ್ಟ ಮಾತ್ರೆಯಲ್ಲಿ ಅರ್ಧ ಮುರಿದು ಪಕ್ಕದ ಮನೆಯವರಿಗೆ, ತಂಗಿಗೆ, ಅತ್ತೆಗೆ ಕೊಡುವುದು ನಮ್ಮಲ್ಲಿ ಉಪಕಾರವೆಂದೇ ನಡೆಯುತ್ತದೆ. ಇದನ್ನು ನಿಲ್ಲಿಸಲೇಬೇಕು. ಆಲ್ಪ್ರಜೋಲಾಂ, ಡಯಾಜಿಪಾಂ, ನೈಟ್ರಜಿಪಾಂ, ಜೋಲ್‌ಪಿಡೆಮ್ ಇವನ್ನು ಭಾರತ ಸರ್ಕಾರ 2013ರಲ್ಲಿ ಎಚ್-1 ಪಟ್ಟಿಗೆ ಸೇರಿಸಿತು. ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ರೋಗಿಯ ಹೆಸರು, ವೈದ್ಯರ ಹೆಸರು, ಕೊಟ್ಟ ಪ್ರಮಾಣ ಇವನ್ನು ಅಂಗಡಿಯವರು ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟಿರಬೇಕು. ಕಾನೂನು ಇಷ್ಟು ಬಿಗಿಯಾಗಿರುವುದಕ್ಕೆ ಕಾರಣವಿದೆ. ಕೆಲವು ವಾರಗಳಲ್ಲಿ ದೇಹ ಒಗ್ಗಿಕೊಂಡು ಹೆಚ್ಚು ಬೇಡುತ್ತದೆ. ಬಿಟ್ಟ ರಾತ್ರಿ ಆತಂಕ ಇಮ್ಮಡಿಯಾಗಿ ಮರಳುತ್ತದೆ. ಅದನ್ನು ಕಂಡವರು, ನೋಡಿ, ನನಗೆ ಮಾತ್ರೆ ಬೇಕೇ ಬೇಕು ಎಂದುಕೊಳ್ಳುತ್ತಾರೆ. ವಯಸ್ಸಾದವರು ನಡುರಾತ್ರಿ ಬಚ್ಚಲಿಗೆ ಎದ್ದು ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವ ಅಪಾಯ ಹೆಚ್ಚುತ್ತದೆ. ಜೋಲ್‌ಪಿಡೆಮ್ ಮತ್ತು ಅದೇ ಜಾತಿಯ ಮಾತ್ರೆಗಳಲ್ಲಿ ನಿದ್ದೆಗಣ್ಣಿನಲ್ಲೇ ನಡೆಯುವ, ವಾಹನ ಓಡಿಸುವ ಪ್ರಸಂಗಗಳು ವರದಿಯಾಗಿ, 2019ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅತ್ಯಂತ ಗಂಭೀರ ಎಚ್ಚರಿಕೆಯನ್ನೇ ಅವುಗಳ ಮೇಲೆ ಮುದ್ರಿಸಲು ಹೇಳಿತು.

ಮಾತ್ರೆ ತೆಗೆದುಕೊಳ್ಳುವವರ ಮೇಲೆ ನನಗೆ ಸಿಟ್ಟಿಲ್ಲ. ಸಾವಿನ ಮನೆಯಲ್ಲಿ, ಶಸ್ತ್ರಚಿಕಿತ್ಸೆಯ ಹಿಂದಿನ ದಿನ, ತೀವ್ರ ಗಾಬರಿಯ ಕೆಲವು ದಿನ ವೈದ್ಯರು ಕೊಡುವ ಮಾತ್ರೆ ಸರಿಯಾದ ಚಿಕಿತ್ಸೆಯೇ. ಆತಂಕದ ಕಾಯಿಲೆಯೇ ಬಲವಾಗಿದ್ದರೆ ಎಸಿಟಲೋಪ್ರಾಂನಂಥ ಔಷಧಿಗಳು ನಿಜಕ್ಕೂ ಬೇಕಾಗುತ್ತವೆ. ಅವು ಚಟ ಹಿಡಿಸುವ ನಿದ್ದೆ ಮಾತ್ರೆಗಳಲ್ಲ, ಕೆಲಸ ಶುರುಮಾಡಲು ಎರಡು ನಾಲ್ಕು ವಾರ ಹಿಡಿಯುತ್ತದೆ, ಮೊದಲ ದಿನಗಳಲ್ಲಿ ಚಡಪಡಿಕೆ ಸ್ವಲ್ಪ ಹೆಚ್ಚಬಹುದು. ಇದನ್ನು ಮೊದಲೇ ಹೇಳದೆ ಚೀಟಿ ಬರೆದುಕೊಟ್ಟರೆ ಜನ ಐದನೇ ದಿನಕ್ಕೆ ಬಿಟ್ಟುಬಿಡುತ್ತಾರೆ. ವರ್ಷಗಳಿಂದ ನಿದ್ದೆ ಮಾತ್ರೆ ನುಂಗುತ್ತಿರುವವರು ಈ ಲೇಖನ ಓದಿ ನಾಳೆಯಿಂದಲೇ ನಿಲ್ಲಿಸಬಾರದು. ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರುವ ಸಾಧ್ಯತೆಯೂ ಇದೆ. ವೈದ್ಯರ ಜೊತೆ ಕೂತು ವಾರ, ತಿಂಗಳುಗಳಲ್ಲಿ ಇಳಿಸಬೇಕು.

ಇನ್ನು ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಬರುವ ಸಲಹೆಗಳು: ಕೋಣೆ ಕತ್ತಲಾಗಿರಲಿ, ಮೊಬೈಲು ದೂರವಿರಲಿ, ಸಂಜೆ ಕಾಫಿ ಬೇಡ. ತಪ್ಪಿಲ್ಲ. ಕಾಫಿಯ ಕೆಫೀನ್ ಅರ್ಧಕ್ಕಿಳಿಯಲು ಸುಮಾರು ಐದು ತಾಸು ಬೇಕು, ಹಾಗಾಗಿ ಸಂಜೆ ಆರರ ಸ್ಟ್ರಾಂಗ್ ಫಿಲ್ಟರ್ ಕಾಫಿ ರಾತ್ರಿ ಹನ್ನೊಂದಕ್ಕೂ ಮೈಯಲ್ಲಿ ಓಡಾಡುತ್ತಿರುತ್ತದೆ. ಆದರೆ ಈ ಶಿಸ್ತೊಂದರಿಂದಲೇ ದೀರ್ಘಕಾಲದ ನಿದ್ರಾಹೀನತೆ ಗುಣವಾಗುವುದಿಲ್ಲ. ಅಮೆರಿಕದ ನಿದ್ರಾವೈದ್ಯರ ಅಕಾಡೆಮಿ 2021ರ ಮಾರ್ಗಸೂಚಿಯಲ್ಲಿ ಇದನ್ನು ಒಂಟಿ ಚಿಕಿತ್ಸೆಯಾಗಿ ಕೊಡಬೇಡಿ ಎಂದೇ ಸೂಚಿಸಿದೆ. ಕಾಫಿ ಬಿಟ್ಟು, ಪರದೆ ಹಾಕಿ, ಆದರೂ ನಿದ್ದೆ ಬಾರದವರು ತಮ್ಮನ್ನೇ ದೂಷಿಸಿಕೊಳ್ಳುತ್ತಾರೆ. ಅವರಿಗೆ ಸಿಕ್ಕ ಚಿಕಿತ್ಸೆ ಅರ್ಧವೂ ಅಲ್ಲ ಎಂಬುದು ಅವರಿಗೆ ಗೊತ್ತಾಗಬೇಕು.

ಪೂರ್ತಿ ಚಿಕಿತ್ಸೆ ಇದೆ. ಸಿಬಿಟಿ-ಐ ಎಂದು ಕರೆಯುವ ಅರಿವು-ವರ್ತನಾ ಚಿಕಿತ್ಸೆ. 2016ರಲ್ಲಿ ಅಮೆರಿಕದ ವೈದ್ಯರ ಕಾಲೇಜು, 2017ರಲ್ಲಿ ಯುರೋಪಿನ ನಿದ್ರಾ ಸಂಶೋಧಕರ ಸಂಘ, ಎರಡೂ ಮಾತ್ರೆಗಿಂತ ಮೊದಲು ಇದನ್ನೇ ಕೊಡಬೇಕೆಂದವು. ಇದರ ಒಂದು ಕಂಬ ರಿಚರ್ಡ್ ಬೂಟ್ಜಿನ್ 1972ರಲ್ಲಿ ವಿವರಿಸಿದ್ದು: ನಿದ್ದೆ ಕಣ್ಣಿಗೆ ಬಂದಾಗ ಮಾತ್ರ ಹಾಸಿಗೆಗೆ ಹೋಗಬೇಕು, ಸ್ವಲ್ಪ ಹೊತ್ತಿನಲ್ಲಿ ಬರಲಿಲ್ಲವೆಂದರೆ ಎದ್ದು ಹೊರಗೆ ಹೋಗಬೇಕು, ಬಂದಾಗ ಮರಳಬೇಕು, ರಾತ್ರಿ ಹೇಗೇ ಕಳೆದಿರಲಿ, ಬೆಳಿಗ್ಗೆ ಏಳುವ ಹೊತ್ತು ಬದಲಾಗಬಾರದು. ಇನ್ನೊಂದು ಕಂಬ ಸ್ಪೀಲ್‌ಮನ್ ಅವರದು. ಹತ್ತರಿಂದ ಆರರವರೆಗೆ ಎಂಟು ತಾಸು ಹಾಸಿಗೆಯಲ್ಲಿದ್ದು ಐದೂವರೆ ತಾಸು ಮಾತ್ರ ನಿದ್ದೆ ಮಾಡುವವರಿಗೆ, ಹಾಸಿಗೆಯ ಹೊತ್ತನ್ನೇ ಐದೂವರೆಗೆ ಇಳಿಸುವುದು. ಹನ್ನೆರಡೂವರೆಗೆ ಮಲಗಿ ಆರಕ್ಕೆ ಏಳಬೇಕು. ಒಂದೆರಡು ವಾರದಲ್ಲಿ ಹಸಿವಿನಂತೆ ನಿದ್ದೆಯ ಒತ್ತಡ ಸೇರಿಕೊಂಡು, ಮಲಗಿದ ಹೊತ್ತಿನ ನೂರಕ್ಕೆ 85 ಪಾಲು ನಿದ್ದೆಯಾಗತೊಡಗಿದರೆ ಹದಿನೈದು ನಿಮಿಷ ಹೆಚ್ಚಿಸುತ್ತಾ ಹೋಗುವುದು. ಐದು ತಾಸಿಗಿಂತ ಕೆಳಗೆ ಇಳಿಸುವುದಿಲ್ಲ. ನಿದ್ದೆಯಿಲ್ಲದವರಿಗೆ ಇನ್ನೂ ಕಡಿಮೆ ಮಲಗಿ ಎನ್ನುವುದು ಕ್ರೌರ್ಯದಂತೆ ಕೇಳುತ್ತದೆ, ಮೊದಲ ವಾರ ನಿಜಕ್ಕೂ ಕಷ್ಟ. ಬೈಪೋಲಾರ್ ಕಾಯಿಲೆ, ಫಿಟ್ಸ್ ಇರುವವರು ಮತ್ತು ರಾತ್ರಿ ವಾಹನ ಓಡಿಸುವವರು ಇದನ್ನು ತಾವಾಗಿ ಮಾಡಲೇಬಾರದು.

ಪುಸ್ತಕದ ಈ ವಿಧಾನ ಉತ್ತರಹಳ್ಳಿಯ ಮನೆಗೆ ಬಂದಾಗ ಒಂದು ತೊಡಕು ಎದುರಾಗುತ್ತದೆ. ಎದ್ದು ಬೇರೆ ಕೋಣೆಗೆ ಹೋಗಿ ಎಂದರೆ ಎಲ್ಲಿಗೆ ಹೋಗುವುದು? ಒಂದು ಬೆಡ್‌ರೂಮಿನ ಮನೆಯಲ್ಲಿ ಹಾಲಿನಲ್ಲಿ ಅತ್ತೆ ಮಾವ ಮಲಗಿರುತ್ತಾರೆ. ಸೊಸೆ ರಾತ್ರಿ ಎರಡಕ್ಕೆ ಎದ್ದು ಓಡಾಡಿದರೆ ಬೆಳಿಗ್ಗೆ ನೂರು ಪ್ರಶ್ನೆ. ಉದ್ದೇಶ ಇಷ್ಟೇ: ಮಲಗಿದ ಭಂಗಿಯಲ್ಲಿ ಹೊರಳಾಡುತ್ತಾ ನಿದ್ದೆಯ ಜೊತೆ ಜಗಳಕ್ಕೆ ನಿಲ್ಲಬಾರದು. ಮಂಚದ ಪಕ್ಕ ಒಂದು ಕುರ್ಚಿ, ಬಾಲ್ಕನಿಯಲ್ಲಿ ಒಂದು ಸ್ಟೂಲು, ಅದೂ ಇಲ್ಲವೆಂದರೆ ಗೋಡೆಗೆ ದಿಂಬು ಆನಿಸಿ ಎದ್ದು ಕೂರುವುದು, ಮಂದ ಬೆಳಕಿನಲ್ಲಿ ಹಳೆಯ ಕಾದಂಬರಿಯ ನಾಲ್ಕು ಪುಟ ಓದುವುದು ಸಾಕು. ಮನೆಯವರಿಗೆ ಒಂದು ಮಾತು ಹೇಳಿಟ್ಟರೆ ಒಳ್ಳೆಯದು: ಇದು ನನ್ನ ಚಿಕಿತ್ಸೆ, ಏನಾಯ್ತು ಅಂತ ಕೇಳಬೇಡಿ, ಬೆಳಿಗ್ಗೆ ನಿದ್ದೆ ಬಂತಾ ಅಂತಲೂ ಕೇಳಬೇಡಿ. ಕಾಳಜಿಯಿಂದ ಕೇಳುವ ಈ ಪ್ರಶ್ನೆಯೇ ರಾತ್ರಿಯನ್ನು ಪರೀಕ್ಷೆಯಾಗಿಸುತ್ತದೆ.

ತಲೆ ಓಡುತ್ತಲೇ ಇರುವವರಿಗೆ ಸಂಜೆಯೇ ಚಿಂತೆಗೆ ಹೊತ್ತು ಕೊಡುವುದು ಇದರ ಮತ್ತೊಂದು ಭಾಗ. ಏಳು ಗಂಟೆಗೆ ಕಾಗದ ಪೆನ್ನು ಹಿಡಿದು ಕೂತು, ಕಾಡುವುದನ್ನೂ ಅದಕ್ಕೆ ನಾಳೆ ಮಾಡಬಹುದಾದ ಒಂದು ಸಣ್ಣ ಕೆಲಸವನ್ನೂ ಬರೆದಿಡುವುದು. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದಲ್ಲಿ 57 ಯುವಜನರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮಲಗುವ ಮುನ್ನ ಐದು ನಿಮಿಷ ಮುಂದೆ ಮಾಡಬೇಕಾದ ಕೆಲಸಗಳನ್ನು ಬರೆದವರು, ಮುಗಿದ ಕೆಲಸಗಳನ್ನು ಬರೆದವರಿಗಿಂತ ಸುಮಾರು ಒಂಬತ್ತು ನಿಮಿಷ ಬೇಗ ನಿದ್ದೆಹೋದರು. ಸಣ್ಣ ಅಧ್ಯಯನ ಅದು, ಆದರೂ ಮಾಡಿ ನೋಡಲು ಖರ್ಚಿಲ್ಲ.

ಫಲಿತಾಂಶ ಎಷ್ಟು ಎಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕು. ಸಿಬಿಟಿ-ಐಯ 20 ಪ್ರಯೋಗಗಳನ್ನು ಒಟ್ಟುಗೂಡಿಸಿದ 2015ರ ವಿಶ್ಲೇಷಣೆಯಲ್ಲಿ, ನಿದ್ದೆ ಹತ್ತುವ ಹೊತ್ತು ಸರಾಸರಿ 19 ನಿಮಿಷ, ನಡುರಾತ್ರಿ ಎಚ್ಚರವಿರುವ ಹೊತ್ತು 26 ನಿಮಿಷ ಇಳಿದಿತ್ತು. ಒಟ್ಟು ನಿದ್ದೆ ಹೆಚ್ಚಿದ್ದು ಎಂಟು ನಿಮಿಷದಷ್ಟೂ ಅಲ್ಲ. ಈ ಕೊನೆಯ ಅಂಕಿಯನ್ನು ಓದಿ ನಿರಾಶೆಪಡುವ ಅಗತ್ಯವಿಲ್ಲ. ಜನರನ್ನು ಹಿಂಡುವುದು ತಾಸುಗಳ ಕೊರತೆಗಿಂತ ಹೆಚ್ಚಾಗಿ ಕತ್ತಲಲ್ಲಿ ಕಣ್ಣು ಬಿಟ್ಟು ಹೊರಳಾಡುವ ಹೊತ್ತು. ಅದು ಕರಗಿದರೆ ಹಗಲು ಹಗುರಾಗುತ್ತದೆ. ನಿವೃತ್ತರಿಗೆ ಇಲ್ಲೊಂದು ಸಮಾಧಾನವೂ ಇದೆ. ಒಂಬತ್ತಕ್ಕೆ ಮಲಗಿ ಮೂರಕ್ಕೆ ಎಚ್ಚರವಾದರೆ ಆರು ತಾಸು ನಿದ್ದೆಯಾಗಿದೆ. ಹಗಲು ಲವಲವಿಕೆಯಿಂದ ಇದ್ದರೆ ಅದು ಕಾಯಿಲೆಯಲ್ಲ. ಮಲಗುವ ಹೊತ್ತನ್ನು ಹನ್ನೊಂದಕ್ಕೆ ತಳ್ಳಿದರೆ ಅರ್ಧ ಚಿಂತೆ ಅಲ್ಲಿಗೇ ಮುಗಿಯಬಹುದು.

ಯೋಗ, ಧ್ಯಾನದ ಬಗ್ಗೆ ಬೆಂಗಳೂರಿನಲ್ಲೇ ಕೆಲಸ ನಡೆದಿದೆ. ಇಲ್ಲಿನ ವಿವೇಕಾನಂದ ಯೋಗ ಸಂಶೋಧನಾ ಸಂಸ್ಥೆಯ ಎನ್.ಕೆ. ಮಂಜುನಾಥ್ ಮತ್ತು ಶರ್ಲಿ ಟೆಲ್ಲಿಸ್ ವೃದ್ಧಾಶ್ರಮವೊಂದರ 69 ಮಂದಿಯ ಮೇಲೆ ಮಾಡಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರು ತಿಂಗಳು ಯೋಗ ಮಾಡಿದ ಗುಂಪಿನವರು ಸುಮಾರು ಹತ್ತು ನಿಮಿಷ ಬೇಗ ನಿದ್ದೆಹೋಗತೊಡಗಿದರು, ಒಂದು ತಾಸಿನಷ್ಟು ಹೆಚ್ಚು ಮಲಗಿದರು. ಅದು ಅವರೇ ಹೇಳಿದ ಲೆಕ್ಕ, ಯಂತ್ರ ಅಳೆದದ್ದಲ್ಲ. ನಿಮ್ಹಾನ್ಸ್‌ನ ನರಶರೀರಶಾಸ್ತ್ರ ವಿಭಾಗದ ನಿದ್ರಾ ಪ್ರಯೋಗಾಲಯದಲ್ಲಿ ಬಿಂದು ಕುಟ್ಟಿ ಮತ್ತು ಸಂಗಡಿಗರು ಯಂತ್ರವನ್ನೇ ಹಚ್ಚಿ ವಿಪಶ್ಯನ ಸಾಧಕರ ರಾತ್ರಿಯನ್ನು ದಾಖಲಿಸಿದರು. ವಯಸ್ಸಾದಂತೆ ಎಲ್ಲರಲ್ಲೂ ಕುಗ್ಗುವ ಗಾಢನಿದ್ದೆ ಅವರಲ್ಲಿ ಹೆಚ್ಚು ಉಳಿದುಕೊಂಡಿತ್ತು. ಅವರು ವರ್ಷಗಟ್ಟಲೆ ಸಾಧನೆ ಮಾಡಿದವರು ಎಂಬುದನ್ನು ಮರೆಯಬಾರದು. ಇವತ್ತು ರಾತ್ರಿ ನಿದ್ದೆ ಬರಲಿ ಎಂದು ಹನ್ನೊಂದಕ್ಕೆ ಧ್ಯಾನಕ್ಕೆ ಕೂತವರಿಗೆ ಅದೂ ಇನ್ನೊಂದು ಹೋರಾಟವಾಗಬಹುದು. ಹಗಲಿನ ಅಭ್ಯಾಸವಾಗಿ ನಡೆಸಿದರೆ, ಬೆಳಿಗ್ಗೆ ತುರಹಳ್ಳಿ ಕಾಡಿನ ಕಡೆ ಬಿಸಿಲಲ್ಲಿ ನಡೆದುಬಂದರೆ, ಅದರ ಲಾಭ ರಾತ್ರಿಗೆ ತಾನಾಗಿ ಬರುತ್ತದೆ.

ಎಲ್ಲವನ್ನೂ ಟೆನ್ಷನ್ ಎಂದು ಬರೆದುಬಿಡುವ ಮುಂಚೆ ದೇಹವನ್ನೂ ನೋಡಬೇಕು. ಥೈರಾಯ್ಡ್ ಹೆಚ್ಚಿದ್ದರೆ ಎದೆ ಬಡಿತವೂ ನಿದ್ದೆಗೇಡೂ ಒಟ್ಟಿಗೆ ಬರುತ್ತವೆ. ಜೋರು ಗೊರಕೆ ಹೊಡೆದು ಉಸಿರು ಕಟ್ಟಿ ಏಳುವವರಿಗೆ ಸ್ಲೀಪ್ ಆಪ್ನಿಯ ಇರಬಹುದು. ಅಂಥವರಿಗೆ ನಿದ್ದೆ ಮಾತ್ರೆ ಇನ್ನಷ್ಟು ಅಪಾಯ. ಕಬ್ಬಿಣಾಂಶದ ಕೊರತೆಯಿಂದ ಕಾಲು ಸೆಳೆತ, ಮುಟ್ಟು ನಿಲ್ಲುವ ಕಾಲದ ಬೆವರು, ಸ್ಟೆರಾಯ್ಡ್ ಔಷಧಿ ಇವೂ ಕಾರಣ. ಬೆಳಗಿನ ಜಾವ ಎಚ್ಚರವಾಗಿ ಬದುಕೇ ಬೇಡವೆನಿಸುತ್ತಿದ್ದರೆ ಅದು ಖಿನ್ನತೆ. ಅದಕ್ಕೆ ಆ ದಿನವೇ ಸಹಾಯ ಬೇಕು.

ಸಹಾಯ ಎಲ್ಲಿದೆ? ದಕ್ಷಿಣ ಬೆಂಗಳೂರಿನ ಭಾಗ್ಯವೆಂದರೆ ನಿಮ್ಹಾನ್ಸ್ ಹೊಸೂರು ರಸ್ತೆಯಲ್ಲೇ ಇದೆ. ಆಸ್ಪತ್ರೆ ಎಂದರೆ ಹಿಂಜರಿಯುವವರಿಗಾಗಿ ಬಿಟಿಎಂ ಬಡಾವಣೆಯಲ್ಲಿ ಅದರದೇ ಕ್ಷೇಮ ಕೇಂದ್ರವಿದ್ದು ಆಪ್ತಸಮಾಲೋಚನೆ ಸಿಗುತ್ತದೆ. ನಡುರಾತ್ರಿಗೆ ಟೆಲಿ-ಮಾನಸ್ ಇದೆ: 2022ರ ಅಕ್ಟೋಬರ್ 10ರಂದು ಶುರುವಾದ, ನಿಮ್ಹಾನ್ಸ್ ಮಾರ್ಗದರ್ಶನದ ಈ ಉಚಿತ ಸೇವೆಗೆ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಕನ್ನಡದಲ್ಲಿ ಮನಸ್ಸಿನ ಕಾಯಿಲೆಗಳ ಬಗ್ಗೆ ನೂರಾರು ಪುಸ್ತಕ ಬರೆದು, ನಿಮ್ಹಾನ್ಸ್‌ನಿಂದ ನಿವೃತ್ತರಾದ ಮೇಲೂ ‘ಸಮಾಧಾನ’ ಕೇಂದ್ರದ ಮೂಲಕ ಉಚಿತವಾಗಿ ಸಲಹೆ ಕೊಡುತ್ತಾ ಬಂದ ಡಾ. ಸಿ.ಆರ್. ಚಂದ್ರಶೇಖರ್ ಅವರ ಬರಹಗಳು ಸಾವಿರಾರು ಮನೆಗಳಲ್ಲಿ ಮೊದಲ ಧೈರ್ಯ ತುಂಬಿವೆ. ಆದರೂ 2015-16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 12 ರಾಜ್ಯಗಳಲ್ಲಿ ಕಂಡದ್ದೇನೆಂದರೆ, ಮನಸ್ಸಿನ ಕಾಯಿಲೆಗಳುಳ್ಳವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆ ತಲುಪಿಯೇ ಇಲ್ಲ. ನಿದ್ದೆ ಬರುತ್ತಿಲ್ಲ ಎಂಬಷ್ಟಕ್ಕೆ ಅರ್ಧ ದಿನ ರಜೆ ಹಾಕಿ ಹೊಸೂರು ರಸ್ತೆಗೆ ಹೋಗುವವರು ಕಡಿಮೆ. ಮೂಲೆಯಲ್ಲಿರುವುದು ಔಷಧಿ ಅಂಗಡಿ.

ಈ ಅಂತರ ತುಂಬುವುದು ಕನಸಿನ ಮಾತಲ್ಲ. 1970ರ ದಶಕದಲ್ಲೇ ನಿಮ್ಹಾನ್ಸ್ ಬನ್ನೇರುಘಟ್ಟದ ಕಡೆಯ ಸಕಲವಾರದಲ್ಲಿ ಸಮುದಾಯ ಕೇಂದ್ರ ತೆರೆದು, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರು ಮತ್ತು ಕಾರ್ಯಕರ್ತರಿಗೆ ಮನೋರೋಗ ಗುರುತಿಸುವುದನ್ನು ಕಲಿಸಿತು. ಅದೇ ಅನುಭವ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಯೋಗವಾಗಿ, ಮುಂದೆ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ನಿದ್ದೆಯ ಚಿಕಿತ್ಸೆಗೂ ತಜ್ಞರೇ ಬೇಕಿಲ್ಲ. ಇಂಗ್ಲೆಂಡಿನಲ್ಲಿ 642 ಜನರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸಾಮಾನ್ಯ ಕ್ಲಿನಿಕ್ಕಿನ ನರ್ಸ್‌ಗಳು ಸ್ಪೀಲ್‌ಮನ್ ವಿಧಾನವನ್ನು ಕೆಲವೇ ಭೇಟಿಗಳಲ್ಲಿ ಕಲಿಸಿದಾಗ ನಿದ್ದೆ ಗಣನೀಯವಾಗಿ ಸುಧಾರಿಸಿ, ಆ ಸುಧಾರಣೆ ವರ್ಷದವರೆಗೂ ಉಳಿಯಿತು. ನಮ್ಮ ವಾರ್ಡುಗಳಲ್ಲಿ ಈಗ ಸರ್ಕಾರದ ‘ನಮ್ಮ ಕ್ಲಿನಿಕ್’ಗಳಿವೆ. ಅಲ್ಲಿನ ಒಬ್ಬ ನರ್ಸ್‌ಗೆ ಕೆಲವು ದಿನದ ತರಬೇತಿ ಬೇಕು. ಮಲಗಿದ್ದು ಎಷ್ಟಕ್ಕೆ, ನಿದ್ದೆ ಹತ್ತಿದ್ದು ಸುಮಾರು ಎಷ್ಟಕ್ಕೆ, ಎಷ್ಟು ಸಲ ಎಚ್ಚರ, ಎದ್ದದ್ದು ಎಷ್ಟಕ್ಕೆ, ಕಾಫಿ ಎಷ್ಟು, ಮಾತ್ರೆ ಯಾವುದು ಎಂದು ಎರಡು ವಾರ ತುಂಬಿಸುವ ಒಂದು ಹಾಳೆಯ ನಿದ್ದೆ ದಿನಚರಿ ಕನ್ನಡದಲ್ಲಿ ಬೇಕು. ಮೊದಲ ಭೇಟಿ ಮುಖಾಮುಖಿ, ಉಳಿದದ್ದು ಫೋನಿನಲ್ಲಾದರೂ ಸರಿ. ಆ ಕ್ಲಿನಿಕ್ಕು ವಾರಕ್ಕೆರಡು ದಿನವಾದರೂ ಸಂಜೆ ಏಳರ ಮೇಲೂ ತೆರೆದಿರಬೇಕು. ಸಿಲ್ಕ್‌ಬೋರ್ಡಿನ ಟ್ರಾಫಿಕ್ ದಾಟಿ ಮನೆ ಸೇರುವವರು ಅದಕ್ಕೆ ಮುಂಚೆ ಬರಲಾರರು.